ಅಲಸಂದೆ ಬೀಜ ಮೊಳೆಯಲಿಲ್ಲವೇ? ಕಾಯಿ ತಿಗಣೆ ಕಾರಣವಿರಬಹುದು

ಹಸಿರು ಮೇವಿಗೆಂದು ಅಲಸಂದೆ ಬೆಳೆಯುವ ಅನೇಕ ಸಹೋದರಿಯರು ಮುಂದಿನ ಬಿತ್ತನೆಗೆ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ ಜೋಪಾನವಾಗಿಟ್ಟ ಬೀಜವೂ ಕೆಲವೊಮ್ಮೆ ಮೊಳೆಯುವುದಿಲ್ಲ. ಆಗ ಒಂದು ಹಿಡಿ ಕಾಳನ್ನು ಮೊರದಲ್ಲಿ ಹರಡಿ ನೋಡಿ.

ಕಾಳಿನಲ್ಲಿ ದುಂಡನೆಯ ತೂತು, ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಕಂಡರೆ ಅದು ಕಾಳು ಕೊರೆಯುವ ದುಂಬಿಯ ಕೆಲಸ. ತೂತಿಲ್ಲದೆ ಕಾಳು ಸುರುಟಿ, ಕಪ್ಪು ಕಲೆ ಬಿದ್ದಿದ್ದರೆ ತಿಗಣೆ ರಸ ಹೀರಿರಬಹುದು. ದುಂಬಿ ಡಬ್ಬದೊಳಗೂ ಹೆಚ್ಚುತ್ತದೆ. ತಿಗಣೆ ಮಾತ್ರ ಕಾಯಿ ಹಸಿರಿರುವಾಗ ಹೊಲದಲ್ಲೇ ಹಾನಿ ಮಾಡಿ ಮುಗಿಸಿರುತ್ತದೆ. ಅಂಥ ಬೀಜವನ್ನು ಬೂದಿ, ಬೇವು ಯಾವುದೂ ಉಳಿಸದು.

ತಿಗಣೆಯನ್ನು ಗುರುತಿಸುವುದು ಹೇಗೆ?

ದುಂಬಿ ಕಚ್ಚಿ ತಿನ್ನುತ್ತದೆ. ತಿಗಣೆಗೆ ಸೂಜಿಯಂಥ ಮೂತಿ ಇದೆ. ಅದನ್ನು ಕಾಯಿಯೊಳಗಿನ ಎಳೆಕಾಳಿಗೆ ಚುಚ್ಚಿ, ಜೊಲ್ಲು ಬಿಟ್ಟು, ಕರಗಿದ ಸಾರವನ್ನು ಹೀರುತ್ತದೆ. ಇದರ ಮುಂದಿನ ರೆಕ್ಕೆ ಅರ್ಧ ದಪ್ಪ, ಅರ್ಧ ತೆಳು ಪೊರೆ. ಆದ್ದರಿಂದಲೇ ಈ ಗಣಕ್ಕೆ ಹೆಮಿಪ್ಟೆರಾ, ಅಂದರೆ ‘ಅರ್ಧ ರೆಕ್ಕೆ’ ಎಂಬ ಹೆಸರು. ಹತ್ತಿಕಾಳಿನ ರಸ ಹೀರುವ ಕೆಂಪು ತಿಗಣೆಯೂ ಇದೇ ಗಣದ್ದು.

ಅಲಸಂದೆಗೆ ಮುಖ್ಯವಾಗಿ ಮೂರು ಬಗೆಯವು ಬರುತ್ತವೆ:

• ರಿಪ್ಟಾರ್ಟಸ್: ಕಂದು ಬಣ್ಣ, ಸಣಕಲು ಮೈ. ಇದರ ಮರಿಗಳು ಥೇಟ್ ಇರುವೆಯಂತೆ ಕಾಣುತ್ತವೆ.
• ಕ್ಲಾವಿಗ್ರಾಲ್ಲಾ: ಮಾಸಲು ಕಂದು, ಹೆಗಲಿನ ಎರಡೂ ಬದಿ ಮುಳ್ಳು. ತೊಗರಿ, ಅವರೆಗೂ ಬರುತ್ತದೆ.
• ಹಸಿರು ತಿಗಣೆ: ಗುರಾಣಿಯಾಕಾರದ ಮೈ. ಮುಟ್ಟಿದರೆ ಕೆಟ್ಟ ವಾಸನೆ ಬಿಡುತ್ತದೆ.

ತಿಗಣೆಗೆ ಗೂಡು ಕಟ್ಟುವ ಹಂತವಿಲ್ಲ. ಮೊಟ್ಟೆಯಿಂದ ಬಂದ ಮರಿ ಐದು ಬಾರಿ ಪೊರೆ ಕಳಚಿ ದೊಡ್ಡದಾಗುತ್ತದೆ. ಮರಿಗಳೂ ರಸ ಹೀರುತ್ತವೆ, ಇರುವೆಯೆಂದು ಬಿಟ್ಟುಬಿಡಬೇಡಿ.

ಏನು ಮಾಡಬೇಕು?

ಬೀಜಕ್ಕೆಂದು ಕೆಲವು ಸಾಲುಗಳನ್ನು ಮೇವಿನಿಂದ ಬೇರೆಯಾಗಿ ಬಿಡಿ. ಕಾಯಿ ಕಟ್ಟಿದಾಗಿನಿಂದ ಬೆಳಗಿನ ತಂಪಿನಲ್ಲಿ, ತಿಗಣೆಗಳು ಮಂಕಾಗಿರುವಾಗ, ಬಳ್ಳಿಯನ್ನು ಸೋಪಿನ ನೀರಿನ ಬೋಗುಣಿಯ ಮೇಲೆ ಕೊಡವಿ. ಮೊಟ್ಟೆಗಳ ಗುಂಪು ಕಂಡ ಎಲೆಯನ್ನು ಕಿತ್ತುಹಾಕಿ.

ರಾಸಾಯನಿಕ ಸಿಂಪಡಿಸಿದ ಬಳ್ಳಿಯನ್ನು ಹಸುವಿಗೆ ಹಾಕಬೇಡಿ. ಔಷಧದ ಅಂಶ ಹಾಲಿಗೂ ಬರಬಹುದು.

ಬಿತ್ತುವ ವಾರದ ಮೊದಲು 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 75ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ತರುವುದೇ ಲೇಸು.