ಪದವಿಯಿಲ್ಲದ ಅರಣ್ಯಪಾಲಕಿಯರು

ಪುನರುತ್ಥಾನದ ಮುಂಜಾನೆ ಬರಿದಾದ ಸಮಾಧಿಯಿಂದ ಹಿಂದಿರುಗಿದ ಮಹಿಳೆಯರ ಮಾತನ್ನು ಪ್ರೇಷಿತರು ನಂಬಲಿಲ್ಲವೆಂಬುದನ್ನು ಸಂತ ಲೂಕರು ಮರೆಮಾಚದೆ ದಾಖಲಿಸಿದ್ದಾರೆ. ಆದರೆ ಅದೇ ಮಾತು ಧರ್ಮಸಭೆಯ ವಿಶ್ವಾಸದ ತಳಹದಿಯಾಯಿತು. ಮಹಿಳೆಯರ ಮಾತನ್ನು ಕೇಳುವ ಮುನ್ನವೇ ತಳ್ಳಿಹಾಕುವ ಅಭ್ಯಾಸ ಎಷ್ಟು ಹಳೆಯದೋ, ಆ ಮಾತು ತರುವಾಯ ಸತ್ಯವೆಂದು ಸಿದ್ಧವಾಗುವುದೂ ಅಷ್ಟೇ ಹಳೆಯದು. ನಮ್ಮ ಕಾಲದಲ್ಲಿ ಇದಕ್ಕೊಂದು ಉಜ್ವಲ ನಿದರ್ಶನ ಕೆನ್ಯಾ ದೇಶದ ವಂಗಾರಿ ಮಾಥಾಯಿ.

1940ರಲ್ಲಿ ನ್ಯೇರಿ ಸೀಮೆಯ ರೈತ ಕುಟುಂಬದಲ್ಲಿ ಜನಿಸಿದ ವಂಗಾರಿ, ಕಥೋಲಿಕ ಧರ್ಮಭಗಿನಿಯರ ಶಾಲೆಗಳಲ್ಲಿ ಕಲಿತರು. 1960ರಲ್ಲಿ ಅಮೆರಿಕಕ್ಕೆ ತೆರಳಿ, ಕಾನ್ಸಾಸ್ ರಾಜ್ಯದ ಬೆನೆಡಿಕ್ಟೈನ್ ಭಗಿನಿಯರ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಅಭ್ಯಸಿಸಿದರು. 1971ರಲ್ಲಿ ಡಾಕ್ಟರೇಟ್ ಪಡೆದು, ಪೂರ್ವ ಹಾಗೂ ಮಧ್ಯ ಆಫ್ರಿಕಾದಲ್ಲಿ ಆ ಪದವಿ ಗಳಿಸಿದ ಪ್ರಥಮ ಮಹಿಳೆಯೆನಿಸಿದರು.

ಆದರೆ ಅವರ ಕಣ್ತೆರೆಸಿದ್ದು ಗ್ರಾಮೀಣ ಮಹಿಳೆಯರ ಅಳಲು. ಉರುವಲಿಲ್ಲ, ಶುದ್ಧ ನೀರಿಲ್ಲ, ಮಕ್ಕಳಿಗೆ ಪೌಷ್ಟಿಕ ಆಹಾರವಿಲ್ಲ ಎಂದು ಆ ತಾಯಂದಿರು ಹೇಳುತ್ತಿದ್ದರು. ಕಾರ್ಯವನ್ನು ಅರಿಯಬೇಕಾದರೆ ಕಾರಣವನ್ನು ಶೋಧಿಸಬೇಕೆಂಬುದು ತತ್ತ್ವಶಾಸ್ತ್ರದ ಮೊದಲ ಪಾಠ. ವಂಗಾರಿ ಅದನ್ನೇ ಮಾಡಿದರು. ಚಹಾ, ಕಾಫಿ ಬೆಳೆಗಾಗಿ ಕಾಡು ಕಡಿಯಲಾಗಿತ್ತು; ಕಾಡಿಲ್ಲದೆ ತೊರೆಗಳು ಬತ್ತಿದ್ದವು; ಸೌದೆಯ ಅಭಾವದಿಂದ ಬೇಗ ಬೇಯುವ ಸತ್ವಹೀನ ಆಹಾರವೇ ಮನೆಯ ಊಟವಾಗಿತ್ತು. ಹಾಗಾದರೆ ಮರಗಳನ್ನೇಕೆ ನೆಡಬಾರದು?

1977ರ ಜೂನ್ 5ರಂದು ನೈರೋಬಿಯಲ್ಲಿ ಏಳು ಸಸಿಗಳೊಂದಿಗೆ 'ಹಸಿರು ಪಟ್ಟಿ ಚಳವಳಿ' ಆರಂಭವಾಯಿತು. ಸಸಿ ಬೆಳೆಸಲು ವೃತ್ತಿಪರ ತರಬೇತಿ ಬೇಕು, ಅಕ್ಷರ ಕಲಿಯದ ಹೆಂಗಸರಿಂದ ಅದು ಸಾಧ್ಯವೇ ಎಂದು ಅರಣ್ಯಾಧಿಕಾರಿಗಳು ಸಂಶಯಿಸಿದರು. ಜೋಳ, ಹುರುಳಿ ಬಿತ್ತಿ ಬೆಳೆಯಬಲ್ಲ ಕೈಗಳಿಗೆ ಮರದ ಬೀಜವೇನು ಅಪರಿಚಿತವೇ? ಮಹಿಳೆಯರು ಸ್ಥಳೀಯ ಮರಗಳ ಬೀಜಗಳನ್ನು ಆಯ್ದು ಮೊಳೆಯಿಸಿದರು. ಬದುಕುಳಿದ ಪ್ರತಿ ಸಸಿಗೂ ಸಣ್ಣದೊಂದು ಮೊತ್ತ ಅವರ ಕೈಸೇರುತ್ತಿತ್ತು. ವಂಗಾರಿ ಅವರನ್ನು 'ಪದವಿಯಿಲ್ಲದ ಅರಣ್ಯಪಾಲಕರು' ಎಂದು ಹೆಮ್ಮೆಯಿಂದ ಕರೆದರು. ಈ ಚಳವಳಿಯಿಂದ ಕೆನ್ಯಾದಲ್ಲಿ ಐದು ಕೋಟಿಗೂ ಮಿಕ್ಕಿ ಮರಗಳು ಬೇರೂರಿವೆ. ಸಾಸಿವೆ ಕಾಳಿನ ಸಾಮತಿ ನೆನಪಾಗದಿರದು.

ಆದರೆ ಮರ ನೆಡುವವರು ಮರ ಕಡಿಯುವವರನ್ನು ಎದುರಿಸಲೇಬೇಕಾಗುತ್ತದೆ. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ 60 ಅಂತಸ್ತಿನ ಕಟ್ಟಡ ಕಟ್ಟಲು ಆಡಳಿತ ಮುಂದಾದಾಗ ವಂಗಾರಿ ಪ್ರತಿಭಟಿಸಿದರು. ಸಂಸತ್ತಿನಲ್ಲೇ ಅವರನ್ನು ಅಪಹಾಸ್ಯ ಮಾಡಲಾಯಿತು. ಆದರೆ ಕೊನೆಗೆ ಕೈಬಿಟ್ಟದ್ದು ಕಟ್ಟಡದ ಯೋಜನೆಯನ್ನು. 1992ರಲ್ಲಿ ರಾಜಕೀಯ ಬಂದಿಗಳ ತಾಯಂದಿರೊಡನೆ ಅದೇ ಉದ್ಯಾನದಲ್ಲಿ ಉಪವಾಸ ಕುಳಿತರು. ಪೊಲೀಸರ ಪೆಟ್ಟಿಗೆ ವಂಗಾರಿ ಪ್ರಜ್ಞೆ ತಪ್ಪಿದರು. ತಾಯಂದಿರು ಆಂಗ್ಲಿಕನ್ ಪ್ರಧಾನಾಲಯದಲ್ಲಿ ಆಶ್ರಯ ಪಡೆದು ಸುಮಾರು ಒಂದು ವರ್ಷ ಹೋರಾಟ ಮುಂದುವರಿಸಿದರು. 1993ರಲ್ಲಿ ಬಹುತೇಕ ಮಕ್ಕಳು ಬಿಡುಗಡೆಗೊಂಡರು. ಶಿಲುಬೆಯಡಿ ನಿಂತ ಮಾತೆ ಮರಿಯಾಳ ಧೈರ್ಯ ಆ ತಾಯಂದಿರಲ್ಲಿತ್ತು.

2004ರಲ್ಲಿ ವಂಗಾರಿಯವರಿಗೆ ನೊಬೆಲ್ ಶಾಂತಿ ಪುರಸ್ಕಾರ ದೊರೆಯಿತು. ಅದನ್ನು ಪಡೆದ ಪ್ರಥಮ ಆಫ್ರಿಕನ್ ಮಹಿಳೆ ಅವರು. 2011ರಲ್ಲಿ ಅವರು ತೀರಿಕೊಂಡರು. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರ್ಪಡಿಸಲಾಗದೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದನ್ನು, ಆಫ್ರಿಕಾದ ಈ ಮಹಿಳೆಯರು ದಶಕಗಳ ಹಿಂದೆಯೇ ಮಣ್ಣಿನಲ್ಲಿ ಬರೆದಿದ್ದರು.

ಪ್ರಿಯ ವಾಚಕರೇ, ದೇವಾಲಯವನ್ನು ಗುಡಿಸಿ ಹೂವಿನಿಂದ ಸಿಂಗರಿಸುವ ಕೈಗಳನ್ನು ನಾವು ಮೆಚ್ಚುತ್ತೇವೆ. ಆದರೆ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಹಣ, ಜಮೀನು, ಶಾಲೆಗಳ ಪ್ರಶ್ನೆ ಬಂದಾಗ ಆ ಕೈಗಳ ಒಡತಿಯರ ಮಾತಿಗೆ ಎಷ್ಟು ಬೆಲೆ ಕೊಡುತ್ತೇವೆ? ಬಾವಿ ಬತ್ತಿದ್ದನ್ನು, ಮಗ ಕುಡಿತಕ್ಕೆ ಬಿದ್ದದ್ದನ್ನು, ನೆರೆಮನೆಯ ಒಲೆ ಉರಿಯದ್ದನ್ನು ಮೊದಲು ಕಾಣುವವರು ಅವರೇ. ಅವರು ಹೇಳುವುದನ್ನು ತಾಳ್ಮೆಯಿಂದ ಕೇಳೋಣ. ಪ್ರೇಷಿತರಲ್ಲಿ ಪೇತ್ರರು ಆ ಮುಂಜಾನೆ ಎದ್ದು ಸಮಾಧಿಯತ್ತ ಓಡಿದರು. ಕೇಳಿದ್ದನ್ನು ಪರೀಕ್ಷಿಸಲು ನಾವೂ ಅಷ್ಟಾದರೂ ಏಳೋಣ.