ಡಾಕ್ಟರು ‘ಕಾಮನ್’ ಅಂದರೆ ಏನರ್ಥ?



ಹತ್ತಿ ಬಿಡಿಸಿ ಬಂದರೆ ಕೈಕಾಲು ಸೋಲುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುವುದು, ಕೂತು ಎದ್ದರೆ ಕಣ್ಣಿಗೆ ಕತ್ತಲೆ. ಗಬ್ಬೂರಿನಲ್ಲಾಗಲಿ ದೇವದುರ್ಗದಲ್ಲಾಗಲಿ ದವಾಖಾನೆಗೆ ಹೋದರೆ, “ರಕ್ತ ಕಡಿಮಿ ಅದವ್ವ, ಹೆಣ್ಮಕ್ಕಳಿಗೆ ಇದು ಕಾಮನ್” ಅಂತ ಗುಳಿಗೆ ಬರೆದು ಕೊಡುತ್ತಾರೆ. ‘ಕಾಮನ್ ಅಂದ್ರ ಏನೂ ಇಲ್ಲ ಬಿಡು’ ಅಂದುಕೊಂಡು ನಾವು ಆ ಗುಳಿಗೆ ಮಾಡದಾಗ ಇಟ್ಟು ಮರೆತುಬಿಡುತ್ತೇವೆ. ತಪ್ಪು ಆಗುವುದು ಇಲ್ಲೇ.

ಕಾಮನ್ ಅಂದರೆ ಬಹಳ ಮಂದಿಗೆ ಇದೆ ಅಂತ, ಅಷ್ಟೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಓಣಿಯ ಅರ್ಧ ಮನೆಗಳು ಸೋರುತ್ತವೆ ಅಂದರೆ ಸೋರುವ ಮಾಳಿಗೆ ಸರಿ ಇದ್ದಂಗೇನು? ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ ಆದರೂ ಇರಬೇಕು. ಗರ್ಭಿಣಿಗೆ 7ಕ್ಕಿಂತ ಇಳಿದರೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಜೀವಕ್ಕೇ ಕುತ್ತು.

ಡಾಕ್ಟರು ಹೇಳುವ ಇನ್ನೊಂದು ಮಾತು, “ಹಂಗ ಆಗ್ತದ, ಅಂಜಬ್ಯಾಡ್ರಿ”. ಇದು ಬೇರೆ. ಔಷಧಿಯಿಂದ ಆಗಬಹುದೆಂದು ಅವರಿಗೆ ಮೊದಲೇ ಗೊತ್ತಿರುವ ಸಂಗತಿ ಇದು. ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಇದಕ್ಕೆ ಹೆದರಿ ಬಿಟ್ಟವರೇ ಜಾಸ್ತಿ! ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆಯಾಗುತ್ತದೆ. ಚಹಾದ ಜೊತೆ ಮಾತ್ರ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಆದರೆ ಗುಳಿಗೆ ನುಂಗದೆಯೇ ಮಲ ಡಾಂಬರಿನಂತೆ ಕಪ್ಪಗಿದ್ದರೆ ತಡಮಾಡಬಾರದು, ಅದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಗುರುತಾಗಿರಬಹುದು.

ಟಿಬಿ ಗುಳಿಗೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಅದು ಸಹಜ. ಕಣ್ಣು ಹಳದಿಯಾಗಿ ವಾಂತಿಯಾದರೆ ಸಹಜವಲ್ಲ, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕೂಸಿಗೆ ಪೆಂಟಾ ಲಸಿಕೆ ಹಾಕಿಸಿದಾಗ ಒಂದೆರಡು ದಿನ ಜ್ವರ ಬರಬಹುದು. ಬಿಸಿಜಿ ಹಾಕಿದಲ್ಲಿ ಕೆಲವು ವಾರಗಳ ನಂತರ ಚಿಕ್ಕ ಗುಳ್ಳೆಯೆದ್ದು ಕಲೆ ಉಳಿಯುತ್ತದೆ, ಅದಕ್ಕೆ ಅರಿಶಿಣ, ಸುಣ್ಣ ಏನೂ ಹಚ್ಚಬಾರದು.

ಹಾಗಾದರೆ ಎರಡರ ವ್ಯತ್ಯಾಸ ನಮಗೆ ತಿಳಿಯುವುದು ಹೇಗೆ? ಕೇಳಬೇಕು. “ಕಾಮನ್” ಅಂದ ಕೂಡಲೇ ಎದ್ದು ಬರಬೇಡಿರಿ. “ಡಾಕ್ಟ್ರೇ, ಇದು ಎಷ್ಟು ದಿನ ಇರ್ತದ್ರೀ? ಏನಾದ್ರ ತಿರುಗಿ ಬರ್ಬೇಕ್ರೀ?” ಎಂದು ಕೇಳಿರಿ. ಒಬ್ಬರಿಗೇ ಬಾಯಿ ಬರದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಸಂಘದ ಅಕ್ಕನನ್ನೋ ಜೊತೆಗೆ ಕರೆದೊಯ್ಯಿರಿ. ಸಂಘದ ಪುಸ್ತಕದಲ್ಲಿ ಉಳಿತಾಯ ಬರೆಯುವಂತೆ ನಿಮ್ಮ ಚೀಟಿಯ ಹಿಂದೆ ಹಿಮೋಗ್ಲೋಬಿನ್ ಎಷ್ಟಿತ್ತು, ಯಾವ ದಿನ ನೋಡಿದ್ದು ಎಂದು ಬರೆಸಿಕೊಳ್ಳಿರಿ. ಮುಂದಿನ ಸಲ ಹೋದಾಗ ಏರಿದೆಯೋ ಇಳಿದಿದೆಯೋ ಅದೇ ಹೇಳುತ್ತದೆ.