ದೂರದರ್ಶಕದ ಕನ್ನಡಿಗೂ ಮೂರು ಕಲ್ಲಿನ ಒಲೆ

ಹೊಸೂರು: ನಾಲ್ಕು ಕಾಲಿನ ಸ್ಟೂಲು ಅಲುಗಾಡೀತು, ಮೂರು ಕಲ್ಲಿನ ಒಲೆ ಮೇಲಿಟ್ಟ ಮಡಕೆ ಅಲುಗಾಡದು. ಮನೆಯಲ್ಲೇ ದೊಡ್ಡ ದೂರದರ್ಶಕ ಕಟ್ಟಹೊರಟವರ ಕೈ ಹಿಡಿಯುವುದೂ ಅಜ್ಜಿಯಂದಿರ ಇದೇ ಲೆಕ್ಕ.

ಗಾಜಿನ ಬಿಲ್ಲೆಯನ್ನು ಕಾರ್ಬೊರಂಡಮ್ ಪುಡಿಯಲ್ಲಿ ತಿಂಗಳುಗಟ್ಟಲೆ ತಿಕ್ಕಿ, ಪಾಲಿಷ್ ಮಾಡಿ, ಅಲ್ಯುಮಿನಿಯಂ ಲೇಪ ಕೊಡಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅದನ್ನು ಕೂರಿಸುವ ತೊಟ್ಟಿಲಿನದು. ಹವ್ಯಾಸಿಗಳು ಅದಕ್ಕೆ 'ಮಿರರ್ ಸೆಲ್' ಅಂತಾರೆ. ಇಲ್ಲಿ ಎಡವಿದರೆ ಸುರಿಸಿದ ಬೆವರೆಲ್ಲ ನೀರುಪಾಲು. ನಕ್ಷತ್ರ ಚುಕ್ಕಿಯಾಗಿ ಕಾಣದೆ ಅಕ್ಕಿಕಾಳಿನಂತೆ ಉದ್ದವಾಗಿ ಕಾಣುತ್ತದೆ.

ಅಷ್ಟು ದಪ್ಪ ಗಾಜು ಬಾಗುತ್ತದೆಯೇ? ಬಾಗುತ್ತೆ, ತನ್ನದೇ ಭಾರಕ್ಕೆ. ಕನ್ನಡಿಯ ಮೈ ಬೆಳಕಿನ ತರಂಗದ ಎಂಟನೇ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದೆಂಬುದು ಹವ್ಯಾಸಿಗಳ ಹಳೆಯ ಅಳತೆ. ಅದು ಮಿಲಿಮೀಟರಿನ 10 ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ದಪ್ಪ ಅಷ್ಟೇ ಇಟ್ಟು ಅಗಲ ದುಪ್ಪಟ್ಟು ಮಾಡಿದರೆ ಬಾಗು 16 ಪಟ್ಟಾಗುತ್ತದೆ. ಹಾಗಾಗಿ 6 ಇಂಚಿನ ಬಿಲ್ಲೆಗೆ ಮೂರು ಆಧಾರ ಸಾಕು, 16-18 ಇಂಚಿನ ತೆಳು ಬಿಲ್ಲೆಗೆ ಸಾಲದು.

ಹಾಗಂತ 18 ಕಡೆ ಬೋಲ್ಟ್ ಕೊಟ್ಟು ನಿಲ್ಲಿಸಿದ್ರೆ ಆಯ್ತಲ್ಲ ಅನ್ನುವಂತಿಲ್ಲ. ಒಂದು ಬೋಲ್ಟ್ ಕೂದಲೆಳೆಯಷ್ಟು ಎತ್ತರವಿದ್ದರೂ ಭಾರ ಅದರ ಮೇಲೇ ಬೀಳುತ್ತದೆ. ಉಪಾಯ ಇಷ್ಟೆ: ಬೋಲ್ಟು ಮೂರೇ. ಪ್ರತಿ ಬೋಲ್ಟಿನ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗುವ ಒಂದು ಪಟ್ಟಿ. ಪಟ್ಟಿಯ ಎರಡೂ ತುದಿಗೆ ಒಂದೊಂದು ತ್ರಿಕೋನದ ತಗಡು, ಅದೂ ತೂಗಾಡುವಂಥದ್ದು. ಆರು ತ್ರಿಕೋನಗಳ 18 ಮೂಲೆಗಳು ಕನ್ನಡಿಯ ಭಾರವನ್ನು ತಾವೇ ಸಮನಾಗಿ ಹಂಚಿಕೊಳ್ಳುತ್ತವೆ. ದೂರದರ್ಶಕ ವಾಲಿದಾಗ ಕನ್ನಡಿ ಜಾರದಂತೆ ಕೆಳ ಅಂಚಿಗೆ ಉಕ್ಕಿನ ತಂತಿಯ ಜೋಲಿ. ಅದು ಕನ್ನಡಿಯ ಭಾರಕೇಂದ್ರದ ನೇರಕ್ಕೇ ಇರಬೇಕು. ಮೇಲಿನ ಕ್ಲಿಪ್ಪುಗಳು ಗಾಜನ್ನು ಒತ್ತಬಾರದು, ನಡುವೆ ಕಾಗದ ತೂರುವಷ್ಟು ಸಂದಿರಬೇಕು. ಹಿಂಬದಿ ಮುಚ್ಚದಿದ್ದರೆ ಒಳ್ಳೆಯದು, ಹಗಲಿನ ಬಿಸಿ ಬೇಗ ಇಳಿಯುತ್ತದೆ.

ತೂಗುವ ದಂಡಿಗೆಯ ಈ ಏರ್ಪಾಡು ಡಬ್ಲಿನ್ನಿನ ಥಾಮಸ್ ಗ್ರಬ್ ಅವರದು. ಐರ್ಲೆಂಡಿನ ಬರ್ ಎಂಬಲ್ಲಿ ಲಾರ್ಡ್ ರಾಸ್ ತಮ್ಮ ಕೋಟೆಯಲ್ಲೇ, ಊರಿನ ಕೆಲಸಗಾರರನ್ನು ಕಟ್ಟಿಕೊಂಡು ಎರಕ ಹೊಯ್ದ 6 ಅಡಿ ಅಗಲದ ಲೋಹದ ಕನ್ನಡಿಯನ್ನೂ ಇಂಥದ್ದರ ಮೇಲೇ ಕೂರಿಸಿದರು. 1845ರಲ್ಲಿ ಅದರಿಂದಲೇ ಸುರುಳಿಯಾಕಾರದ ನೀಹಾರಿಕೆ ಮೊದಲು ಕಂಡದ್ದು.

ಗಡಿಯ ಈಚೆಗೂ ಇಂಥ ಹಟಮಾರಿಗಳಿದ್ದರು. ಜವ್ವಾದು ಬೆಟ್ಟದ ಕಾವಲೂರಿನಲ್ಲಿ ವೇಣು ಬಪ್ಪು ಅವರು 1968ರಲ್ಲಿ ಕೆಲಸ ಶುರುಮಾಡಿದ್ದು ಕೊಡೈಕೆನಾಲಿನಲ್ಲಿ ಕೈಯಾರೆ ಮಾಡಿದ 38 ಸೆಂ.ಮೀ. ದೂರದರ್ಶಕದಿಂದ. 1986ರ ಜನವರಿ 6ರಂದು ಅಲ್ಲೇ ಉದ್ಘಾಟನೆಯಾದ, ಅವರದೇ ಹೆಸರಿನ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ತಿಕ್ಕಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಅದನ್ನು ಹೊರುವ ಭಾರೀ ಚೌಕಟ್ಟು ತಯಾರಾಗಿದ್ದು ಪುಣೆ ಜಿಲ್ಲೆಯ ವಾಲಚಂದನಗರದಲ್ಲಿ. ಉದ್ಘಾಟನೆ ನೋಡಲು ಬಪ್ಪು ಇರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು.

ಸೆಲ್ ಸರಿಯಿದೆಯೇ ಎಂದು ತಿಳಿಯಲು ದುಡ್ಡೇನೂ ಬೇಡ. ನಕ್ಷತ್ರವೊಂದನ್ನು ಹಿಡಿದು, ಫೋಕಸ್ ಕೊಂಚ ತಪ್ಪಿಸಿ ನೋಡಬೇಕು. ಚಿತ್ರ ಉದ್ದುದ್ದ ಕಂಡರೆ ಸೆಲ್ಲಿನೊಳಗೆ ಕನ್ನಡಿಯನ್ನಷ್ಟೇ ಕಾಲು ಸುತ್ತು ತಿರುಗಿಸಬೇಕು. ಉದ್ದವೂ ಜೊತೆಗೆ ತಿರುಗಿದರೆ ತಪ್ಪು ಗಾಜಿನದು, ಮತ್ತೆ ತಿಕ್ಕಬೇಕು. ಇದ್ದಲ್ಲೇ ಇದ್ದರೆ ತಪ್ಪು ಬಹುಪಾಲು ಸೆಲ್ಲಿನದು. ಸ್ಪ್ಯಾನರ್ ಹಿಡಿದರೆ ಸಾಕು.